ಕಾರ್ಡಿನ ಬೆನ್ನ ಮೇಲಿನ ಸಾಲು

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಕಟ್ಟಡದ ಮಾಲಿ ಕಾಕಾ ಮೂರು ಅಗಲವಾದ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಬಿತ್ತುತ್ತಾರೆ. ಮೂರು ತಟ್ಟೆ, ಮೂರು ಕ್ರೈಸ್ತ ಮನೆ. ಒಂದು ಮಂಗಳೂರು ಕಡೆಯವರದು, ಒಂದು ಗೋವೆಯವರದು, ಮತ್ತೊಂದು ಈ ನೆಲದ ಹಳೆಯ ಒಕ್ಕಲಾದ ಈಸ್ಟ್ ಇಂಡಿಯನ್ ಕುಟುಂಬದ್ದು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಗೋದಲಿ ಕಟ್ಟುವಾಗ ಕುರುಬರ ಗೊಂಬೆ, ಕುರಿ, ಹಸು ಎಲ್ಲ ನಿಲ್ಲುವುದು ಆ ಎಳೆಯ ಪೈರಿನ ನಡುವೆ. ಬೇಗ ಬಿತ್ತಿದರೆ ಪೈರು ಉದ್ದವಾಗಿ ಬಾಗಿ ಹಳದಿಗೆ ತಿರುಗುತ್ತದೆ. ತಡವಾದರೆ ಹಸಿರಿಗಿಂತ ಮಣ್ಣೇ ಹೆಚ್ಚು ಕಾಣುತ್ತದೆ. ಕಾಕಾನ ಲೆಕ್ಕ ಒಂದು ವರ್ಷವೂ ತಪ್ಪಿದ್ದನ್ನು ನಾನು ನೋಡಿಲ್ಲ.

"ಮ್ಯಾಲಿಂದ ಸುರೀಬ್ಯಾಡ್ರಿ ಅಕ್ಕಾರ, ಕೈಯಾಗ ತಗೊಂಡು ಚಿಮುಕಿಸ್ರಿ" ಎಂದು ಅವರು ಊರಿಗೆ ಹೋದಾಗಲೆಲ್ಲ ನನಗೆ ಹೇಳಿ ಹೋಗುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. 1972ರ ಬರದಲ್ಲಿ ಅಪ್ಪನ ಕೈ ಹಿಡಿದು ಮುಂಬಯಿಗೆ ಬಂದಾಗ ಅವರಿಗೆ ಆರು ವರ್ಷ. ಸೊಸೈಟಿಯ ಗುಜರಾತಿಗಳಿಗೂ ಮರಾಠಿಗರಿಗೂ ಅವರು ‘ಮಾಲಿ ಕಾಕಾ’. ಅವರ ಊರಿನ ಕನ್ನಡದಲ್ಲೂ ಚಿಕ್ಕಪ್ಪನಿಗೆ ಕಾಕಾ ಎಂದೇ ಕರೆಯುವುದರಿಂದ ಉಡುಪಿ ಕಡೆಯವಳಾದ ನನ್ನ ಬಾಯಲ್ಲೂ ಅದೇ ನಿಂತಿದೆ.

ಕ್ರಿಸ್‌ಮಸ್ ಕಾರ್ಡಿನ ಬಗ್ಗೆ ಬರೆಯಲು ಕುಳಿತವಳು ಮಾಲಿಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಕಾರ್ಡು ಮತ್ತು ಮಾಲಿ, ಈ ಎರಡನ್ನೂ ಒಟ್ಟಿಗೆ ಯೋಚಿಸಬೇಕು ಎಂದು ನನಗೆ ಹೊಳೆದದ್ದು ಬೊರಿವಲಿಯ ಐ.ಸಿ. ಕಾಲನಿಯಲ್ಲಿ, ಒಂದು ಮಡಚುವ ಮೇಜಿನ ಮುಂದೆ.

ಬೊರಿವಲಿ ಪಶ್ಚಿಮದ ಈ ಕಾಲನಿಗೆ ಹೆಸರು ಬಂದದ್ದು ಇಲ್ಲಿನ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನಿಂದ. ಪಕ್ಕದಲ್ಲೇ ಮಂಡಪೇಶ್ವರ ಗುಹೆ. ಬಂಡೆ ಕೊರೆದು ಮಾಡಿದ ಶಿವಾಲಯ, ಪೋರ್ಚುಗೀಸರ ಕಾಲದಲ್ಲಿ ಇಗರ್ಜಿಯಾಗಿ, ಮರಾಠರು ಬಂದ ಮೇಲೆ ಮತ್ತೆ ಶಿವನಿಗೆ ಸೇರಿದ್ದು. ಗುಡ್ಡದ ಮೇಲೆ ಹಳೆಯ ಇಗರ್ಜಿಯ ಮುರುಕು ಗೋಡೆಗಳು ಇನ್ನೂ ನಿಂತಿವೆ. ಡಿಸೆಂಬರ್ ಬಂದರೆ ಕಾಲನಿಯ ಬೀದಿಗಳಲ್ಲಿ ಕಾಗದದ ನಕ್ಷತ್ರಗಳು ತೂಗುತ್ತವೆ, ಕುಸ್ವಾರ್ ತಿಂಡಿಯ ಡಬ್ಬಗಳು ಮನೆಯಿಂದ ಮನೆಗೆ ಓಡಾಡುತ್ತವೆ, ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಹೊರಗೆ ಮೇಜುಗಳು ತೆರೆದುಕೊಳ್ಳುತ್ತವೆ. ಮೇಣದಬತ್ತಿ, ಮನೆಯಲ್ಲಿ ಮಾಡಿದ ದ್ರಾಕ್ಷಾರಸ, ಕೇಕು. ಒಂದು ಮೂಲೆಯಲ್ಲಿ ಕಾರ್ಡುಗಳು. ಬೇರೆ ಬೇರೆ ಸೇವಾಸಂಸ್ಥೆಗಳ ಕಾರ್ಡು. ನಮ್ಮ ಮೂರನೇ ಮಹಡಿಯ ಮಂಗಳೂರಿನ ಗೆಳತಿ ಪ್ರತಿ ವರ್ಷ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತಾಳೆ. ಕಾರ್ಡಿನ ಮುಖ ನೋಡುವ ಮೊದಲು ಬೆನ್ನು ನೋಡುವುದನ್ನು ನನಗೆ ಕಲಿಸಿದ್ದು ಅವಳೇ. ಹಣ ಯಾರಿಗೆ ಹೋಗುತ್ತದೆ ಎಂಬ ಸಾಲು ಅಲ್ಲಿರುತ್ತದೆ: ಕುರುಡು ಮಕ್ಕಳ ಶಾಲೆ, ವೃದ್ಧಾಶ್ರಮ, ಕ್ಯಾನ್ಸರ್ ರೋಗಿಗಳು. ಒಂದು ಸಲ ಮಾತ್ರ ಆ ಮೇಜಿನ ಮುಂದೆ ಅವಳು ತೋರಿಸಿದ ಕಾರ್ಡು, ಲಂಡನ್ನಿನಲ್ಲಿರುವ ಅವಳ ಅಕ್ಕ ಕಳಿಸಿದ್ದು, ಬೇರೆ ಥರದ್ದಾಗಿತ್ತು. ಮುಖದಲ್ಲಿ ಹಿಮ ಬಿದ್ದ ತೋಟ, ಗುದ್ದಲಿಯ ಹಿಡಿಯ ಮೇಲೆ ಕುಳಿತ ಕೆಂಪೆದೆಯ ರಾಬಿನ್ ಹಕ್ಕಿ. ಬೆನ್ನಲ್ಲಿ, ಈ ಹಣ ಕಷ್ಟದಲ್ಲಿರುವ ತೋಟಗಾರರಿಗೆ ಎಂಬ ಅರ್ಥದ ಸಾಲು.

ತೋಟಗಾರರಿಗೆ! ಹಕ್ಕಿಗಾಗಿ, ಕಾಡಿಗಾಗಿ, ಹುಲಿಗಾಗಿ ಕಾರ್ಡು ಕೊಂಡಿದ್ದೆ. ಗುದ್ದಲಿ ಹಿಡಿದವನಿಗಾಗಿ ಎಂದೂ ಕೊಂಡಿರಲಿಲ್ಲ. ಅಲ್ಲಿಂದ ಇದರ ಬೆನ್ನು ಹತ್ತಿದೆ.

ಕನ್ನಡದವರಿಗೆ 1843 ಎಂದರೆ ಮಂಗಳೂರು. ಆ ವರ್ಷದ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಅದರ ನೆನಪಿಗೆ ಜುಲೈ 1 ನಮಗೆ ಪತ್ರಿಕಾ ದಿನ. ಅದೇ ವರ್ಷದ ಕೊನೆಗೆ ಲಂಡನ್ನಿನ ಇನ್ನೊಂದು ಕಲ್ಲಚ್ಚಿನಿಂದ ಮೊದಲ ಕ್ರಿಸ್‌ಮಸ್ ಕಾರ್ಡು ಹೊರಬಂತು. ಮಾಡಿಸಿದವರು ಹೆನ್ರಿ ಕೋಲ್. ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಕಾಗದ ಕಳಿಸುವ ಅಂಚೆ 1840ರಲ್ಲಿ ಶುರುವಾದಾಗ ಅದಕ್ಕಾಗಿ ದುಡಿದವರಲ್ಲಿ ಅವರೂ ಒಬ್ಬರು. ಅಂಚೆ ಅಗ್ಗವಾಯಿತು, ಹಬ್ಬಕ್ಕೆ ಬರುವ ಕಾಗದಗಳ ರಾಶಿ ಬೆಳೆಯಿತು, ಉತ್ತರ ಬರೆಯಲು ಅವರಿಗೆ ಪುರುಸೊತ್ತಿಲ್ಲ. ಚಿತ್ರಕಾರ ಜಾನ್ ಕಾಲ್ಕಟ್ ಹಾರ್ಸ್‌ಲಿಯಿಂದ ಒಂದು ಚಿತ್ರ ಬರೆಸಿ, ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿ, ಕೈಯಿಂದ ಬಣ್ಣ ತುಂಬಿಸಿದರು. ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಲು ಬಿಟ್ಟರು. ಶಿಲ್ಲಿಂಗ್ ಎಂದರೆ ಹನ್ನೆರಡು ಪೆನ್ನಿ. ಒಂದು ಕಾರ್ಡಿನ ಬೆಲೆಯಲ್ಲಿ ಹನ್ನೆರಡು ಕಾಗದ ಕಳಿಸಬಹುದಿತ್ತು.

ಆ ಕಾರ್ಡಿನ ಚಿತ್ರವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ನಡುವೆ ಮೂರು ತಲೆಮಾರಿನ ಕುಟುಂಬ ಊಟದ ಮೇಜಿನಲ್ಲಿ ದ್ರಾಕ್ಷಾರಸದ ಬಟ್ಟಲೆತ್ತಿದೆ. ಪುಟ್ಟ ಮಗುವಿಗೂ ಒಂದು ಗುಟುಕು ಕುಡಿಸುತ್ತಿರುವುದನ್ನು ಕಂಡು ಆಗಿನ ಮದ್ಯವಿರೋಧಿಗಳು ಸಿಟ್ಟಾದರಂತೆ. ಎಲ್ಲರೂ ಹೇಳುವ ಕತೆ ಅದು. ನನ್ನ ಕಣ್ಣು ನಿಂತದ್ದು ಎರಡು ಪಕ್ಕಗಳಲ್ಲಿ. ಎಡಗಡೆ ಹಸಿದವರಿಗೆ ಅನ್ನ ಕೊಡುತ್ತಿದ್ದಾರೆ, ಬಲಗಡೆ ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುತ್ತಿದ್ದಾರೆ. ಮೂರು ಚಿತ್ರಗಳನ್ನು ಬೇರೆ ಮಾಡಿ ನಿಂತಿರುವುದು ಬಳ್ಳಿ ಹಬ್ಬಿದ ಚಪ್ಪರದ ಗಳುಗಳು. ಹಬ್ಬದ ಕಾರ್ಡು ಎಂಬುದು ಹುಟ್ಟಿದ ದಿನವೇ ದಾನದ ಮಾತನ್ನು ಮೈಮೇಲೆ ಬರೆದುಕೊಂಡು ಬಂದಿದೆ. ಸೇವಾಸಂಸ್ಥೆಗಳು ಕಾರ್ಡು ಮಾರುವುದನ್ನು ವ್ಯಾಪಾರದ ಹೊಸ ಉಪಾಯ ಎಂದು ಯಾರಾದರೂ ಹೇಳಿದರೆ ನಾನು ಈ ಚಿತ್ರ ತೋರಿಸುತ್ತೇನೆ.

ಆ ಡಿಸೆಂಬರಿಗೆ ಇನ್ನೊಂದು ಹೆಸರೂ ಅಂಟಿಕೊಂಡಿದೆ. ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾದದ್ದು 1843ರ ಡಿಸೆಂಬರ್ 19ರಂದು. ಜಿಪುಣ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ಮನಸ್ಸು ಬದಲಾಯಿಸುವ ಕತೆ ನಮ್ಮ ಶಾಲೆಗಳಲ್ಲೂ ಪಾಠವಾಗಿತ್ತು. ಅದೇ ಡಿಕನ್ಸ್ ತೋಟಗಾರರ ಪರವಾಗಿ ಮಾತಾಡಿದ್ದು ನನಗೆ ತಿಳಿದದ್ದು ತೀರ ತಡವಾಗಿ. ಲಂಡನ್ನಿನಲ್ಲಿ 1839ರಲ್ಲೇ ಮುದಿ ತೋಟಗಾರರಿಗೆ ಪಿಂಚಣಿ ಕೊಡಲೆಂದು ಒಂದು ಸಹಾಯಸಂಸ್ಥೆ ಹುಟ್ಟಿತ್ತು. ಅದರ ವಾರ್ಷಿಕ ಭೋಜನಕೂಟದಲ್ಲಿ ಡಿಕನ್ಸ್ 1851ರಲ್ಲೂ 1852ರಲ್ಲೂ ಮಾತಾಡಿದರು. ತೋಟಗಾರನ ಗಳಿಕೆ ಅಲ್ಪ, ಬಿಸಿಲು ಮಳೆ ಚಳಿಗೆ ಮೈಯೊಡ್ಡಿ ದುಡಿಯುವುದರಿಂದ ಕೈಕಾಲು ಬೇಗ ಸೋಲುತ್ತವೆ, ಆದ್ದರಿಂದ ಮುಪ್ಪಿಗೊಂದು ಆಸರೆ ಅವನಿಗೆ ಇರಲೇಬೇಕು ಎಂಬುದು ಅವರ ವಾದ.

ಆ ಕಾಲದ ದೊಡ್ಡ ಬಂಗಲೆಗಳ ತೋಟಗಾರನಿಗೆ ಇನ್ನೊಂದು ಕಷ್ಟವೂ ಇತ್ತು. ಅವನು ವಾಸವಿದ್ದ ಮನೆ ಯಜಮಾನನದು. ಕೆಲಸ ಹೋದ ದಿನವೇ ಸೂರೂ ಹೋಗುತ್ತಿತ್ತು. ಕೆಲಸಕ್ಕೆ ಅಂಟಿಕೊಂಡ ಮನೆಯ ಈ ಚಿಂತೆ ಅಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. 1839ರ ಆ ಸಂಸ್ಥೆ ಈಗ ‘ಪೆರೆನಿಯಲ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ವರ್ಷ ವರ್ಷವೂ ಚಿಗುರುವ ಗಿಡಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು. ತೋಟಗಾರಿಕೆಯಲ್ಲಿ ದುಡಿಯುವವರಿಗೂ ದುಡಿದು ನಿವೃತ್ತರಾದವರಿಗೂ ಅದು ಸಾಲದ ಸಲಹೆಯಿಂದ ಹಿಡಿದು ಕಾಯಿಲೆಯ ಕಾಲದ ನೆರವಿನವರೆಗೆ ಕೊಡುತ್ತದೆ. ಪ್ರತಿ ವರ್ಷ ಕ್ರಿಸ್‌ಮಸ್ ಕಾರ್ಡು ಮಾರುತ್ತದೆ.

ಬ್ರಿಟನ್ನಿನಲ್ಲಿ ತೋಟವನ್ನು ನಂಬಿದ ಇಂಥ ಸಂಸ್ಥೆಗಳು ಹಲವು. 1927ರಲ್ಲಿ ಜಿಲ್ಲಾ ದಾದಿಯರ ನೆರವಿಗೆಂದು 609 ಖಾಸಗಿ ತೋಟಗಳ ಬಾಗಿಲನ್ನು ತಲೆಗೊಂದು ಶಿಲ್ಲಿಂಗಿಗೆ ಜನರಿಗೆ ತೆರೆದರು. ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂದು ಅದು ಈಗಲೂ ನಡೆಯುತ್ತಿದೆ. ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಹೊರೇಶಿಯೋ ಚಾಪಲ್ ಎಂಬ ಹುಡುಗನ ಕತೆ. ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರ ವಿಭಾಗದಲ್ಲಿ ಅವನು ರಜೆಯಲ್ಲಿ ಸ್ವಯಂಸೇವೆ ಮಾಡುತ್ತಿದ್ದ. ತಿಂಗಳುಗಟ್ಟಲೆ ಮಲಗಿರುವ ಇವರಿಗೆ ಮಂಚದೊಂದಿಗೇ ಹೊರಗೆ ಬರಲಾಗುವ ಒಂದು ತೋಟ ಬೇಡವೇ ಎಂದು ಕೇಳಿದವನು ಅವನು. ರೋಗಿಗಳಿಗೆ ಏನು ಬೇಕೆಂದು ಪ್ರಶ್ನೆಗಳನ್ನು ಬರೆದು ಕೇಳಿ ತಿಳಿದ. 2011ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಉತ್ತರ ಧ್ರುವದ ಬಳಿಯ ಸ್ವಾಲ್ಬಾರ್ಡ್‌ಗೆ ಹೋದ ಪ್ರವಾಸದಲ್ಲಿ ಹಿಮಕರಡಿಯ ದಾಳಿಗೆ ಸಿಕ್ಕಿ ತೀರಿಕೊಂಡ. ಮುಂದಿನ ವರ್ಷವೇ ಅವನ ಹೆಸರಿನ ಮೊದಲ ತೋಟ ಆ ಆಸ್ಪತ್ರೆಯ ಅಂಗಳದಲ್ಲಿ ತೆರೆಯಿತು. ‘ಹೊರೇಶಿಯೋಸ್ ಗಾರ್ಡನ್’ ಈಗ ಬೇರೆ ಆಸ್ಪತ್ರೆಗಳಲ್ಲೂ ಇದೆ. ಅದರ ಕ್ರಿಸ್‌ಮಸ್ ಕಾರ್ಡು ಕೊಂಡವರ ಹಣದಲ್ಲಿ ಅಲ್ಲಿ ಗಿಡ ನೆಡುತ್ತಾರೆ.

ಇದೆಲ್ಲ ಹೊರನಾಡಿನ ಮಾತಾಯಿತು. ನಮ್ಮಲ್ಲಿ?

ಕಾರ್ಡಿನ ವಿಷಯದಲ್ಲಿ ಮುಂಬಯಿ ಯಾರಿಗೂ ಕಡಿಮೆಯಲ್ಲ. ಏರ್ ಇಂಡಿಯಾದಲ್ಲಿ ಪರ್ಸರ್ ಆಗಿದ್ದ ರಿಪ್ಪನ್ ಕಪೂರ್ 1979ರಲ್ಲಿ ಆರು ಮಂದಿ ಗೆಳೆಯರೊಂದಿಗೆ 50 ರೂಪಾಯಿ ಮೂಲಧನ ಹಾಕಿ ಮಕ್ಕಳಿಗಾಗಿ ದುಡಿಯುವ ‘ಕ್ರೈ’ ಸಂಸ್ಥೆ ಶುರು ಮಾಡಿದ್ದು ಇದೇ ಊರಿನಲ್ಲಿ, ತಾಯಿಯ ಊಟದ ಮೇಜಿನ ಸುತ್ತ ಕುಳಿತು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಶುಭಾಶಯದ ಕಾರ್ಡು. ದೀಪಾವಳಿಯಿಂದ ಹೊಸ ವರ್ಷದವರೆಗೆ ಕಚೇರಿಗಳಲ್ಲಿ ಕ್ರೈ ಕಾರ್ಡಿನ ಪಟ್ಟಿ ಹಿಡಿದು ಯಾರಾದರೂ ಬರುತ್ತಿದ್ದರು. ಅದಕ್ಕೂ ಹಿಂದೆ ಯುನಿಸೆಫ್ ಕಾರ್ಡು. ಯುದ್ಧದಲ್ಲಿ ನಲುಗಿದ ಜೆಕೊಸ್ಲೊವಾಕಿಯಾದ ಹಳ್ಳಿಯೊಂದರ ಏಳು ವರ್ಷದ ಹುಡುಗಿ ಜಿಟ್ಕಾ ಸಾಂಕೋವಾ ನೆರವಿಗೆ ಕೃತಜ್ಞತೆಯಾಗಿ ಬರೆದ ಚಿತ್ರ 1949ರಲ್ಲಿ ಅದರ ಮೊದಲ ಕಾರ್ಡಾಯಿತು. ಕಾಗದ ಸಿಗದೆ ಅವಳು ಗಾಜಿನ ಮೇಲೆ ಬರೆದಿದ್ದಳು. ಕೋಟೆ ಪ್ರದೇಶದ ಹಾರ್ನ್‌ಬಿಲ್ ಹೌಸಿನಲ್ಲಿ, 1883ರಿಂದ ನಡೆಯುತ್ತಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಾರಾಟದ ಕಪಾಟಿನಲ್ಲಿ ಹಕ್ಕಿ ಚಿಟ್ಟೆಗಳ ಕಾರ್ಡು ಸಿಗುತ್ತಿತ್ತು. ಆಗೆಲ್ಲ ಅಂಟಿಸದ ಲಕೋಟೆಯಲ್ಲಿ ‘ಬುಕ್ ಪೋಸ್ಟ್’ ಎಂದು ಬರೆದು ಕಡಿಮೆ ಅಂಚೆಚೀಟಿ ಹಚ್ಚಿ ಊರಿಗೆ ಕಳಿಸುತ್ತಿದ್ದೆವು. ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಅವನ್ನು ದಾರಕ್ಕೆ ಪೋಣಿಸಿ ಜಗಲಿಗೆ ತೂಗಿಬಿಡುತ್ತಿದ್ದಳು. ಈಗ ಶುಭಾಶಯವೆಲ್ಲ ಮೊಬೈಲಿಗೆ ಬರುತ್ತದೆ, ರಾತ್ರಿ ಹನ್ನೆರಡಕ್ಕೆ ಒಟ್ಟಾಗಿ ಬಂದು ಬೆಳಗಾಗುವುದರೊಳಗೆ ಕೆಳಗೆ ಸರಿದು ಹೋಗುತ್ತದೆ. ಅದಕ್ಕೆ ಬೆನ್ನೇ ಇಲ್ಲವಲ್ಲ, ಹಣ ಯಾರಿಗೆ ಎಂಬ ಸಾಲು ಬರೆಯುವುದೆಲ್ಲಿ?

ತೋಟದ ಕೆಲಸವನ್ನೇ ಆಸರೆಯಾಗಿ ಹಿಡಿದ ಸಂಸ್ಥೆಗೂ ನಮ್ಮ ಕಡೆ ಬರವಿಲ್ಲ. ಪೋಲಿಯೋ ತಗುಲಿ ಗಾಲಿಕುರ್ಚಿ ಹಿಡಿದ ಎನ್. ಎಸ್. ಹೇಮಾ ಮತ್ತು ಜೊತೆಗಾರರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಅಂಗವಿಕಲ ಯುವಕ ಯುವತಿಯರಿಗೆ ತೋಟಗಾರಿಕೆ ಕಲಿಸುತ್ತದೆ. ಜೀವನ್‌ಭೀಮಾ ನಗರದ ಅದರ ತರಬೇತಿ ಕೇಂದ್ರದಲ್ಲಿ ಸಸಿ ಮಾಡುವುದು, ಕುಂಡ ತುಂಬುವುದು, ಕಸಿ ಕಟ್ಟುವುದು ಕಲಿತವರು ನರ್ಸರಿಗಳಲ್ಲಿ, ಕಂಪನಿಗಳ ಆವರಣಗಳಲ್ಲಿ ಕೆಲಸ ಹಿಡಿದಿದ್ದಾರೆ. ಅವರು ಬೆಳೆಸಿದ ಗಿಡ ಕೊಂಡರೆ ಅದೇ ನೆರವು. ಇಂಗ್ಲೆಂಡಿನಲ್ಲಿ 1970ರ ದಶಕದ ಕೊನೆಗೆ ಕ್ರಿಸ್ ಅಂಡರ್‌ಹಿಲ್ ಎಂಬುವರು ತೋಟಗಾರಿಕೆಯನ್ನೇ ಚಿಕಿತ್ಸೆಯಾಗಿ ಬಳಸುವ ಸಂಸ್ಥೆ ಕಟ್ಟಿದರು. ಈಗ ಅದರ ಹೆಸರು ‘ಥ್ರೈವ್’. ಅದೇ ಮನುಷ್ಯ ಮುಂದೆ ‘ಬೇಸಿಕ್‌ನೀಡ್ಸ್’ ಶುರು ಮಾಡಿದಾಗ ಮಾನಸಿಕ ಕಾಯಿಲೆ ಇರುವ ಬಡವರ ನಡುವಿನ ಅದರ ಕೆಲಸ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕರ್ನಾಟಕದ ಹಳ್ಳಿಗಳಿಗೂ ಬಂತು. ಮಣ್ಣಿನಲ್ಲಿ ಕೈಯಿಟ್ಟರೆ ಮನಸ್ಸು ನೆಲಕ್ಕಿಳಿಯುತ್ತದೆ ಎನ್ನುವುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೂ ಅದನ್ನು ಒಂದು ಕ್ರಮವಾಗಿ ನಡೆಸಲು ಜಾಗ ಬೇಕು, ಕಲಿಸುವವರು ಬೇಕು, ಹಣ ಬೇಕು.

ಹಣದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕಾರ್ಡಿನ ಮೇಲೆ ಸಂಸ್ಥೆಯ ಹೆಸರಿದ್ದ ಮಾತ್ರಕ್ಕೆ ಹಣವೆಲ್ಲ ಅಲ್ಲಿಗೆ ಹೋಗುವುದಿಲ್ಲ. ದೊಡ್ಡ ಅಂಗಡಿಗಳು ಸೇವಾಸಂಸ್ಥೆಯ ಹೆಸರು ಹಾಕಿ ಮಾರುವ ಕಾರ್ಡುಗಳಲ್ಲಿ ಸಂಸ್ಥೆಗೆ ಸೇರುವ ಪಾಲು ಎಷ್ಟೋ ಸಲ ನೂರಕ್ಕೆ ಕೆಲವೇ ರೂಪಾಯಿ. ಬ್ರಿಟನ್ನಿನ ಚಾರಿಟೀಸ್ ಅಡ್ವೈಸರಿ ಟ್ರಸ್ಟ್ ಇದನ್ನು ಬಯಲಿಗೆಳೆಯಲೆಂದೇ ಅತಿ ಕಡಿಮೆ ಪಾಲು ಕೊಡುವ ಕಾರ್ಡಿಗೆ ‘ಸ್ಕ್ರೂಜ್ ಪ್ರಶಸ್ತಿ’ ಎಂದು ಕೊಡುತ್ತಿತ್ತು. ನನ್ನ ಅಭಿಪ್ರಾಯ ಸರಳ. ಬೆನ್ನಲ್ಲಿ ‘ಒಂದು ಪಾಲು’ ಎಂದಷ್ಟೇ ಇದ್ದರೆ ಕೆಳಗಿಡಿ. ಇಂತಿಷ್ಟು ರೂಪಾಯಿ ಎಂದು ಬರೆದಿದ್ದರೆ ಕೊಳ್ಳಿ. ಸಂಸ್ಥೆಯ ಮೇಜಿನಿಂದಲೇ ಕೊಂಡರೆ ಇನ್ನೂ ಒಳ್ಳೆಯದು. ಇತ್ತೀಚೆಗೆ ಬೀಜ ಸೇರಿಸಿದ ಕಾಗದದ ಕಾರ್ಡು ಬಂದಿದೆ. ಹರಿದು ಕುಂಡದಲ್ಲಿ ಹೂತು ನೀರು ಹಾಕಿದರೆ ಗಿಡ ಬರುತ್ತದೆ ಎನ್ನುತ್ತಾರೆ. ನಮಗೆ ಬಂದ ಒಂದರಲ್ಲಿ ಚೆಂಡುಹೂವು ಮೊಳೆತು ಹೂ ಬಿಟ್ಟಿತು, ಇನ್ನೊಂದರಲ್ಲಿ ಏನೂ ಹುಟ್ಟಲಿಲ್ಲ. ಬೀಜ ಹಳತಾಗಿತ್ತು ಎಂದರು ಕಾಕಾ. ಕಾರ್ಡಿನಲ್ಲಿ ಯಾವ ಗಿಡದ ಬೀಜ, ಯಾವ ತಿಂಗಳು ತುಂಬಿದ್ದು ಎಂದು ಬರೆದಿರಬೇಕು. ಮಗುವೊಂದು ಹದಿನೈದು ದಿನ ಕಾದು ಬರಿಯ ಮಣ್ಣು ನೋಡುವಂತಾಗಬಾರದು.

ಐ.ಸಿ. ಕಾಲನಿಯ ಮೇಜಿನ ಮೇಲೆ ವಾರ್ಲಿ ಚಿತ್ರದ ಕಾರ್ಡುಗಳಿಗೆ ಬೇಡಿಕೆ ಹೆಚ್ಚು. ಕೆಂಪು ಮಣ್ಣಿನ ಬಣ್ಣದ ಮೇಲೆ ಬಿಳಿಯ ತ್ರಿಕೋನದ ಮನುಷ್ಯರು, ಮಧ್ಯೆ ತಾರ್ಪಾ ವಾದ್ಯ. ಈಗೀಗ ಅದೇ ಶೈಲಿಯಲ್ಲಿ ಕೊಟ್ಟಿಗೆ, ಮೇರಿ, ಜೋಸೆಫ್. ಆ ಚಿತ್ರ ಮೂಲದಲ್ಲಿ ಹುಟ್ಟಿದ್ದು ಕಾರ್ವಿಯ ಗೋಡೆಯ ಮೇಲೆ. ಕಾರ್ವಿ ಎಂಬ ಗಿಡದ ಕಡ್ಡಿಗಳನ್ನು ಒತ್ತಾಗಿ ನಿಲ್ಲಿಸಿ, ಮಣ್ಣು ಸೆಗಣಿ ಮೆತ್ತಿ ಗೋಡೆ ಮಾಡುತ್ತಾರೆ. ಚಿಕ್ಕಮಗಳೂರು ಬೆಟ್ಟಗಳ ನೀಲಕುರಿಂಜಿಯ ಕುಲದ್ದೇ ಈ ಗಿಡ. ಹೂ ಬಿಡಲು ಕುರಿಂಜಿಗೆ ಹನ್ನೆರಡು ವರ್ಷ ಬೇಕಾದರೆ ಕಾರ್ವಿಗೆ ಎಂಟು. ಬೊರಿವಲಿಯ ಪೂರ್ವಕ್ಕೆ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಾಗಿಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಇಳಿಜಾರುಗಳಲ್ಲಿ 2016ರಲ್ಲಿ ಹೂಬಿಟ್ಟಿತ್ತು, ಮತ್ತೆ 2024ರಲ್ಲಿ. ಮಳೆಗಾಲದ ಕೊನೆಗೆ ಬೆಟ್ಟಕ್ಕೆ ಬೆಟ್ಟವೇ ನೇರಳೆ. ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಆ ಕಾಡು ಈ ಮಹಾನಗರದ ನಡುವೆ ಉಳಿದಿರುವುದು ಬೊರಿವಲಿಯ ಭಾಗ್ಯ. ಕಾನ್ಹೇರಿ ಗುಹೆಗಳು, ತುಳಸಿ ಕೆರೆ, ವಿಹಾರ ಕೆರೆ, ಚಿರತೆ, ಒಳಗಿನ ಆದಿವಾಸಿ ಪಾಡಾಗಳು ಎಲ್ಲ ಅಲ್ಲಿವೆ. ಕಾಡು ಎಂದರೆ ನಾವು ಚಿರತೆಯ ಸುದ್ದಿ ಓದುತ್ತೇವೆ. ಅದರ ನರ್ಸರಿಯಲ್ಲಿ ಸಸಿಯ ಚೀಲಕ್ಕೆ ಮಣ್ಣು ತುಂಬುವ ಹೆಂಗಸರ ಬಗ್ಗೆ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ.

ಮುಂಬಯಿ ಮಹಾನಗರ ಪಾಲಿಕೆಯ 2018ರ ಗಣತಿಯಲ್ಲಿ ನಗರದ ಮರಗಳ ಸಂಖ್ಯೆ 29 ಲಕ್ಷ 75 ಸಾವಿರ. ಮರಗಳಿಗೆ ಕಾಯಿದೆಯೂ ಇದೆ, 1975ರದ್ದು, ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸಾಲದಿದ್ದರೂ ಮರದ ಪರವಾಗಿ ಇಷ್ಟಾದರೂ ಇದೆ. ಮರಕ್ಕೆ ನೀರು ಹಾಕಿದವರನ್ನು ಎಣಿಸಿದ್ದು ಎಲ್ಲಿ?

ನಮ್ಮ ಕಾಕಾನನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಆರರಿಂದ ಮಧ್ಯಾಹ್ನದವರೆಗೆ ಐದು ಸೊಸೈಟಿಗಳ ತೋಟ ನೋಡುತ್ತಾರೆ, ಒಂದೊಂದರಲ್ಲಿ ಒಂದು ಗಂಟೆ, ಸವಾಗಂಟೆ. ಐದು ಕಡೆ ದುಡಿದರೂ ಯಾರ ನೌಕರರೂ ಅಲ್ಲ. ಆದ್ದರಿಂದ ಪಿ.ಎಫ್. ಇಲ್ಲ, ಗ್ರ್ಯಾಚುಟಿ ಇಲ್ಲ. ಅಟಲ್ ಪಿಂಚಣಿ ಯೋಜನೆ ಬಂದದ್ದು 2015ರಲ್ಲಿ. ಸೇರಲು 18ರಿಂದ 40 ವಯಸ್ಸು. ಆಗ ಕಾಕಾಗೆ 49. ಅಸಂಘಟಿತ ಕಾರ್ಮಿಕರಿಗೆಂದೇ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆ 60 ದಾಟಿದ ಮೇಲೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಅದಕ್ಕೂ ಅದೇ 40ರ ಮಿತಿ. ಆಗ ಅವರಿಗೆ 53. 2021ರಲ್ಲಿ ಇ-ಶ್ರಮ ಶುರುವಾದಾಗ ಮಗನ ಜೊತೆ ಹೋಗಿ ಹೆಸರು ನೋಂದಾಯಿಸಿ ಬಂದರು. ಆ ಕಾರ್ಡನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಯೋಜನೆಗಳನ್ನು ನಾನು ಹಳಿಯುತ್ತಿಲ್ಲ. ಇಂದು ಇಪ್ಪತ್ತೈದರ ಮಾಲಿಗೆ ಅವು ಮುಂದೆ ಆಸರೆಯಾಗಲಿ. ಆದರೆ ನಾಲ್ಕು ದಶಕ ಗುದ್ದಲಿ ಹಿಡಿದು ಈಗ ಬೆನ್ನು ಬಾಗಿದವರು ಎರಡಕ್ಕೂ ಹೊರಗೆ ಉಳಿದರು. 1839ರಲ್ಲಿ ಲಂಡನ್ನಿನವರು ಕೇಳಿದ ಪ್ರಶ್ನೆ ಬೊರಿವಲಿಯಲ್ಲಿ ಹಾಗೆಯೇ ನಿಂತಿದೆ.

ಕಳೆದ ವರ್ಷ ನಾನೂ ಮೂರನೇ ಮಹಡಿಯ ಗೆಳತಿಯೂ ಕಟ್ಟಡದ ಮಕ್ಕಳನ್ನು ಕಟ್ಟಿಕೊಂಡು ನಮ್ಮದೇ ಕಾರ್ಡು ಮಾಡಿದೆವು. ತೋಟದ ಎಲೆ ಹೂಗಳನ್ನು ಒತ್ತಿ ಒಣಗಿಸಿ ಕೈಕಾಗದದ ಮೇಲೆ ಅಂಟಿಸುವುದು. ಎಲ್ಲ ಹೂವೂ ಒಗ್ಗುವುದಿಲ್ಲ. ದಾಸವಾಳ ಕಂದುಬಣ್ಣಕ್ಕೆ ತಿರುಗುತ್ತದೆ, ಮಲ್ಲಿಗೆಯೂ ಹಾಗೆಯೇ. ಬೋಗನ್‌ವಿಲ್ಲಾ ಮಾತ್ರ ತಿಂಗಳುಗಟ್ಟಲೆ ಬಣ್ಣ ಬಿಡುವುದಿಲ್ಲ. ಅದರ ಬಣ್ಣದ ಭಾಗ ಹೂವಲ್ಲ, ಎಲೆ. ಜರಿಗಿಡದ ಎಲೆ ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ, ಕ್ರಿಸ್‌ಮಸ್ ಮರದಂತೆಯೂ ಕಾಣುತ್ತದೆ. ಹಳೆಯ ‘ಕರ್ನಾಟಕ ಮಲ್ಲ’ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಅಕ್ಕಿ ಡಬ್ಬ ಹೇರಿ, ಎರಡು ದಿನಕ್ಕೊಮ್ಮೆ ಹಾಳೆ ಬದಲಾಯಿಸುತ್ತಾ ಹದಿನೈದು ದಿನ ಕಾಯಬೇಕು. ಮಳೆಗಾಲದಲ್ಲಿ ಮಾಡಿದರೆ ಬೂಷ್ಟು ಹಿಡಿಯುತ್ತದೆ. ನವೆಂಬರ್ ಸರಿ.

ಬೆನ್ನಿನ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ಕಾಕಾನ ಹೆಸರು ಹಾಕೋಣವೇ ಎಂದು ಅವರನ್ನೇ ಕೇಳಿದೆವು. ಕೇಳದೆ ಒಬ್ಬರ ಕಷ್ಟವನ್ನು ಅಚ್ಚು ಹಾಕುವುದು ಸರಿಯಲ್ಲ ಎಂದು ಗೆಳತಿ ಪಟ್ಟುಹಿಡಿದಿದ್ದಳು. ಅವರು ಸ್ವಲ್ಪ ಹೊತ್ತು ಪೈಪು ಸುತ್ತುತ್ತಾ ಸುಮ್ಮನಿದ್ದು, "ಹೆಸರು ಬ್ಯಾಡ್ರಿ ಅಕ್ಕಾರ. ಮಾಲಿ ಅಂತ ಹಾಕ್ರಿ, ಸಾಕು. ನಾ ಒಬ್ಬಾವೇನು?" ಎಂದರು. ಹಾಗೆಯೇ ಹಾಕಿದೆವು, ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ: ಈ ಕಾರ್ಡಿನ ಬೆಲೆ 40 ರೂಪಾಯಿ. ಕಾಗದಕ್ಕೂ ಲಕೋಟೆಗೂ 12. ಉಳಿದ 28 ನಮ್ಮ ತೋಟದ ಮಾಲಿಯ ಮುಪ್ಪಿಗೆ.

ಎಷ್ಟು ಬಂತು ಎಂದರೆ ದೊಡ್ಡ ಮೊತ್ತವೇನಲ್ಲ. ಅಂಚೆ ಕಚೇರಿಯಲ್ಲಿ ಕಾಕಾನ ಹೆಸರಿಗೆ ಆರ್.ಡಿ. ತೆರೆದು ಮೊದಲ ಕೆಲವು ತಿಂಗಳ ಕಂತು ಕಟ್ಟುವಷ್ಟು ಬಂತು. ಆಮೇಲೆ ಆದದ್ದು ನಾವು ಎಣಿಸಿರಲಿಲ್ಲ. ಕಾರ್ಡು ಕೊಂಡವರು ಒಬ್ಬರು, ಬೆನ್ನು ಓದಿದವರು ಇನ್ನೊಬ್ಬರು. ಪುಣೆಯಿಂದ, ದಹಾಣುವಿನಿಂದ, ಕಾರ್ಕಳದಿಂದ ಫೋನು ಬಂತು: ನಮ್ಮ ಕಟ್ಟಡದ ಮಾಲಿಗೂ ಅರವತ್ತಾಯಿತು, ನೀವು ಆ ಖಾತೆ ಹೇಗೆ ತೆರೆದಿರಿ? ಮೊಬೈಲಿನ ಶುಭಾಶಯಕ್ಕೆ ಹಾಗೆ ಯಾರೂ ಫೋನು ಮಾಡಿದ್ದಿಲ್ಲ. ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲಿಫ್ಟು, ಪಾರ್ಕಿಂಗ್ ವಿಷಯಗಳ ನಂತರ ಒಬ್ಬ ಗುಜರಾತಿ ಹಿರಿಯರು ಎದ್ದು ನಿಂತು ಆ ಕಾರ್ಡನ್ನೇ ಕೈಯಲ್ಲಿ ಹಿಡಿದು, ಈ ಕಂತನ್ನು ಇನ್ನು ಮುಂದೆ ಸೊಸೈಟಿಯೇ ಕಟ್ಟಲಿ ಎಂದರು. ಮೂರು ಮನೆಯವರು ಒಪ್ಪಲಿಲ್ಲ, ಉಳಿದವರು ಒಪ್ಪಿದರು. ಉಳಿದ ನಾಲ್ಕು ಸೊಸೈಟಿಗಳಿಗೂ ಈಗ ಕಾಗದ ಬರೆದಿದ್ದೇವೆ. ಒಂದರಿಂದ ಉತ್ತರ ಬಂದಿದೆ.

ಆ ಕಾರ್ಡುಗಳಲ್ಲಿ ಒಂದನ್ನು ಮಕ್ಕಳು ಕಾಕಾಗೆ ಕೊಟ್ಟಾಗ ನಾನು ಅಲ್ಲೇ ಇದ್ದೆ. ಅವರು ಬೆನ್ನು ನೋಡಲಿಲ್ಲ. ಮುಖದ ಮೇಲಿನ ಜರಿ ಎಲೆಯನ್ನು ಹತ್ತಿರ ಹಿಡಿದು, ತುದಿಯನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ, "ಇದು ಎಳಿ ಎಲಿ ಅದ. ಇನ್ನಾ ಬಿಚ್ಚಿರಲಿಲ್ಲ, ಯಾಕ ಹರದ್ರಿ?" ಎಂದು ಕೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಕಾಕಾ ಅವರನ್ನು ಕೆಳಗೆ ಕರೆದು ಯಾವ ಎಲೆ ಬಲಿತದ್ದು, ಯಾವುದು ತಾನೇ ಉದುರುವುದು, ಎಲ್ಲಿ ಕತ್ತರಿಸಿದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ ಎಂದು ತೋರಿಸಿದರು.

ಈ ವರ್ಷ ಎಲೆ ಆರಿಸುವವರು ಅವರೇ. ನವೆಂಬರ್ ಮೊದಲ ವಾರದಿಂದ ಕತ್ತರಿಸಿದ ಕೊಂಬೆಗಳಲ್ಲಿ ಒಳ್ಳೆಯದನ್ನು ಬೇರೆ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಪಂಪಿನ ಕೋಣೆಯ ಹೊಸ್ತಿಲಲ್ಲಿ ಇಡುತ್ತಿದ್ದಾರೆ. ಸಂಜೆ ಶಾಲೆಯಿಂದ ಬರುವ ಮಕ್ಕಳು ಅದನ್ನು ಎತ್ತಿಕೊಂಡು ನೇರ ನಮ್ಮ ಮನೆಗೆ ಬರುತ್ತಾರೆ. ಅಕ್ಕಿ ಡಬ್ಬದ ಕೆಳಗೆ ಈಗ ಅರವತ್ತೆರಡು ಎಲೆಗಳಿವೆ.